ದಮಾವಂದ್ ಏರುವವರಿಗೆ: ದಾರಿಗಳು, ದಿನಗಳ ಲೆಕ್ಕ, ಮತ್ತು ಬೆಟ್ಟದಡಿ ಸೆರೆಯಾದ ರಾಜನ ಕಥೆ

ಟೆಹರಾನಿನಲ್ಲಿ ಗಾಳಿ ಬೀಸಿ ಹೊಗೆಮಂಜು ಸರಿದ ದಿನ, ಈಶಾನ್ಯ ದಿಕ್ಕಿನಲ್ಲಿ ಹಿಮ ಹೊದ್ದ ಶಂಕುವಿನಾಕಾರದ ಬೆಟ್ಟವೊಂದು ಕಾಣುತ್ತದೆ. ಅದೇ ದಮಾವಂದ್. ಎತ್ತರ 5,610 ಮೀಟರ್. ಇರಾನಿನ, ಇಡೀ ಮಧ್ಯಪ್ರಾಚ್ಯದ ಅತಿ ಎತ್ತರದ ಶಿಖರ. ಏಷ್ಯಾದ ಜ್ವಾಲಾಮುಖಿಗಳಲ್ಲೆಲ್ಲ ಎತ್ತರವಾದದ್ದು. ಆಲ್ಬೋರ್ಜ್ ಪರ್ವತಶ್ರೇಣಿಯಲ್ಲಿ, ಮಾಜಂದರಾನ್ ಪ್ರಾಂತ್ಯದ ಆಮೋಲ್ ಕಡೆಗೆ ಸೇರಿದ ಈ ಬೆಟ್ಟ ಕೊನೆಯ ಬಾರಿ ಲಾವಾ ಉಕ್ಕಿಸಿ ಸುಮಾರು 7,300 ವರ್ಷಗಳಾದವು. ಆದರೆ ಒಡಲು ಇನ್ನೂ ಆರಿಲ್ಲ. ತುದಿಯ ಹತ್ತಿರ ಬಂಡೆಗಳ ಸಂದಿಯಿಂದ ಗಂಧಕದ ಹೊಗೆ ಏಳುತ್ತಲೇ ಇರುತ್ತದೆ, ತಪ್ಪಲಲ್ಲಿ ಬಿಸಿನೀರಿನ ಬುಗ್ಗೆಗಳಿವೆ.

ಬೇಸಿಗೆಯಲ್ಲಿ ದಕ್ಷಿಣದ ದಾರಿ ಹಿಡಿದರೆ ಹಗ್ಗ ಬೇಡ, ಬಂಡೆ ಹತ್ತುವ ವಿದ್ಯೆ ಬೇಡ. ಗಟ್ಟಿ ಕಾಲುಳ್ಳ ಯಾರಾದರೂ ನಡೆದೇ ಹತ್ತಬಹುದು. ನನ್ನ ಪ್ರಕಾರ ಅಪಾಯ ಇರುವುದೇ ಇಲ್ಲಿ. ದಾರಿ ಸಲೀಸು ಎಂದು ನಂಬಿ ವಾರಾಂತ್ಯದ ಎರಡೇ ದಿನಗಳಲ್ಲಿ ಟೆಹರಾನಿನಿಂದ ತುದಿ ಮುಟ್ಟಿ ಬರಲು ಹೊರಡುವವರಿದ್ದಾರೆ. ತುದಿಯಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿರುವುದರ ಅರ್ಧದಷ್ಟು. ಇಷ್ಟು ತೆಳುವಾದ ಗಾಳಿಗೆ ಎರಡು ದಿನಗಳಲ್ಲಿ ದೇಹ ಒಗ್ಗುವುದಿಲ್ಲ. ಹಾಗಾಗಿ ಈ ಲೇಖನದುದ್ದಕ್ಕೂ ನಾನು ಒತ್ತಿ ಹೇಳುವುದು ಒಂದನ್ನೇ: ದಮಾವಂದ್‌ಗೆ ಹತ್ತು ದಿನಗಳ ಬಿಡುವು ಮಾಡಿಕೊಂಡು ಹೋಗಿ. ಎತ್ತರಕ್ಕೆ ಒಗ್ಗಿಕೊಳ್ಳಲು ಮೀಸಲಿಟ್ಟ ದಿನಗಳಲ್ಲಿ ಈ ಬೆಟ್ಟದ ಕಥೆಗಳನ್ನು ಓದಿ, ಕೇಳಿ. ಇಲ್ಲಿನ ಹೊಗೆಗೂ ಕಥೆಯಿದೆ, ತಂಗುದಾಣಗಳ ಹೆಸರಿಗೂ ಕಥೆಯಿದೆ.

ಹೊರಡುವ ಮೊದಲು

ಮೊದಲ ಕೆಲಸ ಕಾಗದಪತ್ರದ್ದು. ಭಾರತೀಯರಿಗೆ 2024ರ ಫೆಬ್ರುವರಿಯಲ್ಲಿ ಕೊಟ್ಟಿದ್ದ ವೀಸಾರಹಿತ ಪ್ರವೇಶವನ್ನು ಇರಾನ್ 2025ರ ನವೆಂಬರ್ 22ರಿಂದ ನಿಲ್ಲಿಸಿತು. ಆದ್ದರಿಂದ ವೀಸಾ ಕೈಗೆ ಬರುವ ತನಕ ವಿಮಾನದ ಟಿಕೆಟ್ ಕೊಳ್ಳಬೇಡಿ. ಅದಕ್ಕಿಂತಲೂ ಮುಖ್ಯವಾದದ್ದು ನಮ್ಮ ವಿದೇಶಾಂಗ ಸಚಿವಾಲಯದ ಪ್ರಯಾಣ ಸಲಹೆ. 2025ರ ಜೂನ್‌ನಲ್ಲಿ ಇಸ್ರೇಲ್ ಮತ್ತು ಇರಾನ್ ನಡುವೆ ಸಂಘರ್ಷ ನಡೆದಾಗ ಭಾರತ ಅಲ್ಲಿದ್ದ ತನ್ನ ಪ್ರಜೆಗಳನ್ನು ಕರೆಸಿಕೊಳ್ಳಬೇಕಾಯಿತು. ಹೋಗಬೇಡಿ ಎಂಬ ಸಲಹೆ ಜಾರಿಯಲ್ಲಿದ್ದರೆ ಆ ವರ್ಷ ಯೋಜನೆ ಕೈಬಿಡಿ. ಅದರ ಬಗ್ಗೆ ಎರಡನೆಯ ಮಾತು ಬೇಡ.

ಎರಡನೆಯದು ಹಣ. ನಮ್ಮ ಬ್ಯಾಂಕುಗಳ ವೀಸಾ, ಮಾಸ್ಟರ್ ಕಾರ್ಡ್‌ಗಳು ಇರಾನಿನಲ್ಲಿ ನಡೆಯುವುದಿಲ್ಲ. ಪೂರ್ತಿ ಖರ್ಚಿಗೆ ಸಾಲುವಷ್ಟು ಡಾಲರ್ ಅಥವಾ ಯೂರೊ ನೋಟುಗಳನ್ನು ಒಯ್ದು ಅಲ್ಲಿ ಬದಲಾಯಿಸಿಕೊಳ್ಳಬೇಕು. ಅಲ್ಲಿನ ಅಧಿಕೃತ ನಾಣ್ಯ ರಿಯಾಲ್. ಆದರೆ ಜನರ ಬಾಯಲ್ಲಿ ಇರುವುದು ತೊಮಾನ್. ಒಂದು ತೊಮಾನ್ ಎಂದರೆ 10 ರಿಯಾಲ್. ಯಾರಾದರೂ ಬೆಲೆ ಹೇಳಿದಾಗ ಯಾವುದರ ಲೆಕ್ಕ ಎಂದು ಕೇಳಿಕೊಳ್ಳುವುದು ಒಳ್ಳೆಯದು. 10,000 ರಿಯಾಲ್‌ನ ನೋಟೊಂದರ ಹಿಂಬದಿಯಲ್ಲಿ ದಮಾವಂದ್‌ನ ಚಿತ್ರವೇ ಇದೆ.

ಕಾಲಮಾನದ ವಿಚಾರಕ್ಕೆ ಬಂದರೆ, ಜೂನ್ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ ಹತ್ತುವ ಕಾಲ. ಜೂನ್‌ನಲ್ಲಿ ಮೇಲ್ಭಾಗದಲ್ಲಿ ಹಿಮ ಹೆಚ್ಚು, ಆದರೆ ತಪ್ಪಲಿನ ಹುಲ್ಲುಗಾವಲುಗಳಲ್ಲಿ ಕೆಂಪು ಗಸಗಸೆ ಹೂಗಳು ಅರಳಿರುತ್ತವೆ. ಜುಲೈ, ಆಗಸ್ಟ್‌ನಲ್ಲಿ ದಾರಿ ಬಹುಮಟ್ಟಿಗೆ ಒಣಗಿರುತ್ತದೆ. ಅಲ್ಲಿ ವಾರದ ರಜೆ ಶುಕ್ರವಾರ. ಗುರುವಾರ ಮತ್ತು ಶುಕ್ರವಾರ ತಂಗುದಾಣಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ತುದಿಗೆ ಹೋಗುವ ದಿನ ಭಾನುವಾರ ಅಥವಾ ಸೋಮವಾರ ಬರುವಂತೆ ಲೆಕ್ಕ ಹಾಕಿಕೊಳ್ಳಿ.

ದೇಹದ ತಯಾರಿ ಮೂರು ತಿಂಗಳ ಮೊದಲೇ ಶುರುವಾಗಬೇಕು. ಕರ್ನಾಟಕದಲ್ಲಿರುವವರಿಗೆ ಕುಮಾರಪರ್ವತದ ಏರು ಒಳ್ಳೆಯ ಅಭ್ಯಾಸ: ಬೆನ್ನಿಗೆ ಹತ್ತು ಕಿಲೊ ಹೊತ್ತು ಹತ್ತಿ ಇಳಿದರೆ ಮಂಡಿ, ತೊಡೆಗಳ ಶಕ್ತಿ ಎಷ್ಟೆಂದು ತಿಳಿಯುತ್ತದೆ. ಆದರೆ ಎತ್ತರಕ್ಕೆ ಒಗ್ಗುವ ವಿಷಯದಲ್ಲಿ ನಮ್ಮ ಬೆಟ್ಟಗಳಿಂದ ಸಹಾಯವಿಲ್ಲ. ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿಯೇ 1,930 ಮೀಟರ್. ದಮಾವಂದ್‌ನ ಚಾರಣ ಶುರುವಾಗುವ ಪೊಲೂರ್ ಊರು ಅದಕ್ಕಿಂತ ಮೇಲಿದೆ. ಹಿಮಾಲಯದಲ್ಲಿ 4,000 ಮೀಟರ್ ದಾಟಿ ಮಲಗಿದ ಅನುಭವ ಒಮ್ಮೆಯಾದರೂ ಇರಲಿ. ನಿಮ್ಮ ದೇಹ ಎತ್ತರಕ್ಕೆ ಹೇಗೆ ವರ್ತಿಸುತ್ತದೆ ಎಂದು ಅಲ್ಲಿ ಗೊತ್ತಾಗುತ್ತದೆ. ಎತ್ತರಕ್ಕೆ ಒಗ್ಗಲು ನೆರವಾಗುವ ಅಸೆಟಜೋಲಮೈಡ್ ಮಾತ್ರೆ ಬೇಕೇ ಬೇಡವೇ ಎಂಬುದನ್ನು ಊರಲ್ಲೇ ವೈದ್ಯರ ಬಳಿ ತೀರ್ಮಾನಿಸಿಕೊಳ್ಳಿ.

ಮೊದಲ ದಿನಗಳು: ತೋಚಾಲ್ ಮತ್ತು ಜಹ್ಹಾಕ್

ಟೆಹರಾನಿನಲ್ಲಿ ಇಳಿದ ಕೂಡಲೇ ದಮಾವಂದ್ ಕಡೆ ಓಡಬೇಡಿ. ನಗರದ ಉತ್ತರದ ಅಂಚಿನಲ್ಲೇ ತೋಚಾಲ್ ಶಿಖರವಿದೆ, 3,964 ಮೀಟರ್. ದರ್ಬಂದ್‌ನಿಂದ ಹೊರಟು ತೊರೆಯ ಪಕ್ಕದ ಉಪಾಹಾರಗೃಹಗಳನ್ನು ದಾಟಿ, ಶೀರ್‌ಪಲಾ ತಂಗುದಾಣದಲ್ಲಿ ರಾತ್ರಿ ಕಳೆದು, ಮರುದಿನ ತುದಿಗೆ ಹೋಗಿ. ಇಳಿಯುವಾಗ ಮಂಡಿಗೆ ವಿಶ್ರಾಂತಿ ಬೇಕೆನಿಸಿದರೆ ವೆಲೆಂಜಕ್‌ಗೆ ಇಳಿಯುವ ಕೇಬಲ್ ಕಾರ್ ಇದೆ. ಹೋಗುವಾಗಲೂ ಅದರಲ್ಲೇ ಹೋಗಿಬಿಡೋಣ ಎನ್ನುವ ಆಸೆಗೆ ಬಲಿಯಾಗಬೇಡಿ. ನಡೆದು ಹತ್ತಿದರೇ ಪ್ರಯೋಜನ.

ಈ ದಿನಗಳ ಸಂಜೆಗಳಿಗೆ ಜಹ್ಹಾಕ್‌ನ ಕಥೆ ಇರಲಿ. ಅದು ಗೊತ್ತಿಲ್ಲದೆ ದಮಾವಂದ್ ಹತ್ತಿದವರು ಅರ್ಧ ಬೆಟ್ಟವನ್ನಷ್ಟೇ ನೋಡಿದಂತೆ.

ಕವಿ ಫಿರ್ದೌಸಿ ಸುಮಾರು 1010ರಲ್ಲಿ ಮುಗಿಸಿದ ಪರ್ಷಿಯನ್ ಮಹಾಕಾವ್ಯ ಶಾಹನಾಮೆಯಲ್ಲಿ ಈ ಕಥೆ ಬರುತ್ತದೆ. ಜಹ್ಹಾಕ್ ಒಬ್ಬ ಅರಬ್ ರಾಜಕುಮಾರ. ಸೈತಾನ ಇಬ್ಲೀಸ್ ಅವನ ಕಿವಿಯೂದಿ ತಂದೆಯನ್ನೇ ಕೊಲ್ಲಿಸುತ್ತಾನೆ. ಆಮೇಲೆ ಅಡುಗೆಯವನ ವೇಷದಲ್ಲಿ ಬಂದು ಬಗೆಬಗೆಯ ಮಾಂಸದೂಟ ಉಣಿಸಿ ಅವನನ್ನು ಒಲಿಸಿಕೊಳ್ಳುತ್ತಾನೆ. ಬಹುಮಾನವಾಗಿ ಏನು ಬೇಕೆಂದು ಕೇಳಿದರೆ, ನಿಮ್ಮ ಭುಜಗಳಿಗೆ ಮುತ್ತಿಡುವ ಭಾಗ್ಯ ಸಾಕು ಎನ್ನುತ್ತಾನೆ. ಮುತ್ತಿಟ್ಟು ಮಾಯವಾಗುತ್ತಾನೆ. ಎರಡು ಭುಜಗಳಿಂದಲೂ ಒಂದೊಂದು ಕರಿಯ ಹಾವು ಹೊರಬರುತ್ತದೆ. ಕತ್ತರಿಸಿದರೆ ಮತ್ತೆ ಮೊಳೆಯುತ್ತವೆ. ಈ ಸಲ ಇಬ್ಲೀಸ್ ವೈದ್ಯನಾಗಿ ಬಂದು, ದಿನಾ ಮನುಷ್ಯರ ಮಿದುಳು ತಿನ್ನಿಸಿದರೆ ಹಾವುಗಳು ಸುಮ್ಮನಿರುತ್ತವೆ ಎಂದು ಔಷಧ ಹೇಳುತ್ತಾನೆ. ಅಂದಿನಿಂದ ಪ್ರತಿ ರಾತ್ರಿ ಇಬ್ಬರು ಯುವಕರು ಬಲಿ. ಅರ್ಮಾಯೆಲ್, ಗರ್ಮಾಯೆಲ್ ಎಂಬ ಇಬ್ಬರು ಸಜ್ಜನರು ಅರಮನೆಯ ಅಡುಗೆಮನೆ ಸೇರಿ, ಒಬ್ಬನ ಮಿದುಳಿಗೆ ಕುರಿಯ ಮಿದುಳು ಬೆರೆಸಿ, ಇನ್ನೊಬ್ಬನನ್ನು ಬೆಟ್ಟಗಳಿಗೆ ಓಡಿಸಿ ಉಳಿಸುತ್ತಾರೆ. ಕುರ್ದರು ಹಾಗೆ ಉಳಿದವರ ಸಂತತಿ ಎಂದು ಕಥೆ ಹೇಳುತ್ತದೆ.

ನನಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ಪ್ರಿಯವಾದದ್ದು ಕಮ್ಮಾರ ಕಾವೆಯ ಪ್ರಸಂಗ. ತಾನು ಪ್ರಜೆಗಳಿಗೆ ಒಳಿತನ್ನಲ್ಲದೆ ಬೇರೇನನ್ನೂ ಮಾಡಿಲ್ಲ ಎಂಬ ಪತ್ರಕ್ಕೆ ಜಹ್ಹಾಕ್ ಆಸ್ಥಾನದ ಗಣ್ಯರಿಂದ ಸಹಿ ಹಾಕಿಸಿಕೊಳ್ಳುತ್ತಿರುವಾಗಲೇ ಕಾವೆ ನ್ಯಾಯ ಕೇಳಿಕೊಂಡು ನುಗ್ಗುತ್ತಾನೆ. ಅವನ ಮಕ್ಕಳೆಲ್ಲ ಹಾವುಗಳಿಗೆ ಆಹಾರವಾಗಿದ್ದಾರೆ, ಉಳಿದಿರುವ ಕೊನೆಯವನನ್ನೂ ಹಿಡಿದು ತಂದಿದ್ದಾರೆ. ರಾಜ ಮಗನನ್ನು ಬಿಟ್ಟು, ನೀನೂ ಸಹಿ ಹಾಕು ಎನ್ನುತ್ತಾನೆ. ಕಾವೆ ಪತ್ರವನ್ನು ಹರಿದು ಕಾಲಡಿ ಹಾಕಿ ತುಳಿಯುತ್ತಾನೆ. ಬೀದಿಗೆ ಬಂದು, ಸೊಂಟಕ್ಕೆ ಕಟ್ಟಿಕೊಂಡಿದ್ದ ತೊಗಲಿನ ಹೊದಿಕೆಯನ್ನು ಬಿಚ್ಚಿ ಈಟಿಯ ತುದಿಗೆ ಕಟ್ಟಿ ಎತ್ತುತ್ತಾನೆ. ಆ ತೊಗಲೇ ಮುಂದೆ ಇರಾನಿನ ರಾಜಧ್ವಜವಾಯಿತು ಎನ್ನುತ್ತದೆ ಪರಂಪರೆ. ಜನ ಅದರ ಹಿಂದೆ ನಡೆದು ಫೆರೆದೂನ್ ಎಂಬ ರಾಜಕುಮಾರನನ್ನು ಸೇರುತ್ತಾರೆ. ಶಿಶುವಾಗಿದ್ದಾಗ ಫೆರೆದೂನ್ ಬದುಕಿದ್ದು ಒಂದು ಹಸುವಿನ ಹಾಲಿನಿಂದ. ಜಹ್ಹಾಕ್ ಆ ಹಸುವನ್ನೂ ಕೊಂದಿರುತ್ತಾನೆ. ಅದಕ್ಕೇ ಫೆರೆದೂನ್ ಹಿಡಿದ ಗದೆಯ ತಲೆ ಹಸುವಿನ ಮುಖದ್ದು. ಆ ಗದೆಯಿಂದ ಜಹ್ಹಾಕ್‌ನನ್ನು ಕೆಡವಿ ಕೊಲ್ಲಲು ಹೊರಟಾಗ ದೇವದೂತ ಸೊರೂಶ್ ತಡೆಯುತ್ತಾನೆ: ಇವನ ಕಾಲ ಇನ್ನೂ ಬಂದಿಲ್ಲ, ದಮಾವಂದ್‌ಗೆ ಒಯ್ದು ಬಂಧಿಸು. ಹಳೆಯ ಜೊರಾಸ್ಟ್ರಿಯನ್ ಗ್ರಂಥಗಳು ಕೊಡುವ ಕಾರಣ ಇನ್ನೂ ಭೀಕರವಾಗಿದೆ: ಅವನ ದೇಹ ಸೀಳಿದರೆ ಅದರೊಳಗಿನ ಹುಳಹುಪ್ಪಟೆ, ಹಲ್ಲಿ, ಚೇಳುಗಳು ಲೋಕ ತುಂಬುತ್ತವೆ. ಅವನು ಯುಗಾಂತ್ಯದಲ್ಲಿ ಸರಪಳಿ ಹರಿದುಕೊಂಡು ಬರುತ್ತಾನೆ, ಆಗ ಗರ್ಶಾಸ್ಪ್ ಎಂಬ ವೀರ ಎದ್ದು ಅವನನ್ನು ಕೊಲ್ಲುತ್ತಾನೆ ಎಂಬ ನಂಬಿಕೆಯೂ ಅಲ್ಲಿದೆ. ತುದಿಯಲ್ಲಿ ಏಳುವ ಹೊಗೆ ಸೆರೆಯಲ್ಲಿರುವ ಆ ರಾಜನ ಉಸಿರು ಎಂದು ತಪ್ಪಲಿನ ಜನ ಸಾವಿರ ವರ್ಷದ ಹಿಂದೆಯೇ ಹೇಳುತ್ತಿದ್ದರು. 10ನೇ ಶತಮಾನದ ಅರಬ್ ಪ್ರವಾಸಿ ಅಬು ದುಲಫ್ ಇದನ್ನು ಪರೀಕ್ಷಿಸಲೆಂದೇ ಕಷ್ಟಪಟ್ಟು ಬೆಟ್ಟವೇರಿ, ಗಂಧಕದ ಬುಗ್ಗೆ ಕಂಡು, ಹೊಗೆಯ ಮೂಲ ಇದೇ ಎಂದು ಬರೆದಿಟ್ಟ.

ಈ ಕಥೆಗಳು ನಮಗೆ ತೀರ ದೂರದವೂ ಅಲ್ಲ. ಕಲಬುರಗಿಯಲ್ಲಿ 1347ರಲ್ಲಿ ರಾಜ್ಯ ಕಟ್ಟಿದ ಬಹಮನಿ ಸುಲ್ತಾನರು ತಮ್ಮ ವಂಶಮೂಲವನ್ನು ಇದೇ ಕಥಾಪರಂಪರೆಯ ಇಸ್ಫಂದಿಯಾರನ ಮಗ ಬಹಮನ್‌ಗೆ ಕೂಡಿಸಿ ಹೇಳಿಕೊಳ್ಳುತ್ತಿದ್ದರು. ಬೀದರಿನ ಮದರಸಾ ಕಟ್ಟಿಸಿದ ಮಹಮೂದ್ ಗಾವಾನ್ ಬಂದದ್ದು ಮಾಜಂದರಾನ್‌ನ ಪಕ್ಕದ ಗೀಲಾನ್ ಸೀಮೆಯಿಂದ.

ಯಾವ ದಾರಿ?

ಮುಖ್ಯವಾದ ನಾಲ್ಕು ದಾರಿಗಳಿವೆ. ಮೊದಲ ಸಲ ಹೋಗುವವರಿಗೆ ದಕ್ಷಿಣದ ದಾರಿಯೇ ಸರಿ. ತಂಗುದಾಣ, ಹೇಸರಗತ್ತೆ, ಜನಸಂಚಾರ ಎಲ್ಲವೂ ಇರುವುದು ಅಲ್ಲೇ.

ಪಶ್ಚಿಮದ ದಾರಿಯಲ್ಲಿ 4,100 ಮೀಟರ್‌ಗಿಂತ ಮೇಲೆ ಸಿಮೋರ್ಗ್ ತಂಗುದಾಣವಿದೆ. ಕೆಳಗೆ ಲಾರ್ ಬಯಲು, ಅದರ ಜಲಾಶಯ. ಸಂಜೆಯ ಬಿಸಿಲು ಬಹಳ ಹೊತ್ತು ಸಿಗುತ್ತದೆ, ಆದರೆ ಗಾಳಿ ಜೋರು. ಸಿಮೋರ್ಗ್ ಎಂಬುದು ಆಲ್ಬೋರ್ಜ್‌ನ ತುದಿಯಲ್ಲಿ ಗೂಡು ಕಟ್ಟಿದ ಮಹಾಪಕ್ಷಿ. ಬಿಳಿಗೂದಲಿನೊಂದಿಗೆ ಹುಟ್ಟಿದನೆಂದು ತಂದೆ ತೊರೆದ ಶಿಶು ಜಾಲ್‌ನನ್ನು ತನ್ನ ಮರಿಗಳೊಂದಿಗೆ ಸಾಕಿದ್ದು ಅದೇ. ಆ ಜಾಲ್‌ನ ಮಗನೇ ಶಾಹನಾಮೆಯ ಮಹಾವೀರ ರುಸ್ತುಮ್. ಈಶಾನ್ಯದ ದಾರಿಯಲ್ಲಿರುವ ತಂಗುದಾಣಕ್ಕೆ ‘ತಖ್ತೆ ಫೆರೆದೂನ್’ ಎಂದು ಹೆಸರು, ಅಂದರೆ ಫೆರೆದೂನ್‌ನ ಸಿಂಹಾಸನ. ಸೆರೆಯಾಳಿನ ಬೆಟ್ಟದ ಹೆಗಲ ಮೇಲೆ ಸೆರೆ ಹಿಡಿದವನ ಪೀಠ. ಈ ದಾರಿ ಉದ್ದ, ನೀರು ಕಡಿಮೆ, ಜನ ಇನ್ನೂ ಕಡಿಮೆ. ನಾಂದಲ್ ಹಳ್ಳಿಯಿಂದ ಹೊರಡುವ ಉತ್ತರದ ದಾರಿ ನಾಲ್ಕರಲ್ಲಿ ಕಠಿಣವಾದದ್ದು. ಅಕ್ಕಪಕ್ಕದಲ್ಲಿ ಹಿಮನದಿಗಳಿವೆ, ಐಸ್ ಆ್ಯಕ್ಸ್ ಹಿಡಿದು ನಡೆದ ರೂಢಿ ಇಲ್ಲದವರು ಅತ್ತ ಹೋಗಬಾರದು. ದಕ್ಷಿಣದಿಂದ ಒಮ್ಮೆ ಹತ್ತಿದವರು ಎರಡನೆಯ ಸಲಕ್ಕೆ ಈಶಾನ್ಯ ದಾರಿ ಹಿಡಿದು ದಕ್ಷಿಣಕ್ಕೆ ಇಳಿಯುವುದು ನನ್ನ ಲೆಕ್ಕದಲ್ಲಿ ಅತಿ ಚೆಲುವಾದ ದಾಟು.

ದಕ್ಷಿಣದ ದಾರಿ, ದಿನದಿಂದ ದಿನಕ್ಕೆ

ಟೆಹರಾನಿನ ಪೂರ್ವ ಬಸ್ ನಿಲ್ದಾಣದಿಂದ ಆಮೋಲ್ ಕಡೆಗೆ ಹೋಗುವ ವಾಹನ ಹತ್ತಿ ಹರಾಜ್ ರಸ್ತೆಯಲ್ಲಿ ಪೊಲೂರ್‌ನಲ್ಲಿ ಇಳಿಯಿರಿ. ಸುಮಾರು ಎರಡು ಗಂಟೆಯ ಹಾದಿ. ಇಲ್ಲಿ ಇರಾನಿನ ಪರ್ವತಾರೋಹಣ ಫೆಡರೇಷನ್‌ನ ಶಿಬಿರವಿದೆ, ಎತ್ತರ 2,270 ಮೀಟರ್‌ನಷ್ಟು. ಹೆಸರು ನೋಂದಾಯಿಸಿ, ವಿದೇಶಿಯರು ಕಟ್ಟಬೇಕಾದ ಶುಲ್ಕ ಕಟ್ಟಿ, ಹವಾಮಾನ ವಿಚಾರಿಸಿ ಅಂದು ಅಲ್ಲೇ ಮಲಗಿ. ರಸ್ತೆಬದಿಯ ಅಂಗಡಿಗಳಲ್ಲಿ ಹುಳಿಹಣ್ಣಿನ ತಿರುಳನ್ನು ಒಣಗಿಸಿ ಹಾಳೆ ಮಾಡಿದ ಲವಾಶಕ್ ಸಿಗುತ್ತದೆ. ಒಂದಿಷ್ಟು ಕಟ್ಟಿಸಿಕೊಳ್ಳಿ, ಎತ್ತರದಲ್ಲಿ ನಾಲಿಗೆ ಕೆಟ್ಟು ಏನೂ ಸೇರದಿದ್ದಾಗ ಹುಳಿ ಮಾತ್ರ ಹಿಡಿಸುತ್ತದೆ. ಸಸ್ಯಾಹಾರಿಗಳು ಖರ್ಜೂರ, ಅಕ್ರೋಟು, ಚೀಸ್, ತೆಳು ರೊಟ್ಟಿ ಒಯ್ಯಬೇಕು. ಊರಿನಿಂದ ಅವಲಕ್ಕಿ, ಚಟ್ನಿಪುಡಿ ತಂದಿದ್ದರೆ ಈಗ ಉಪಯೋಗಕ್ಕೆ ಬರುತ್ತವೆ.

ಮರುದಿನ ಜೀಪಿನಲ್ಲಿ ಗೂಸ್ಫಂದ್‌ಸರಾಕ್ಕೆ. 3,000 ಮೀಟರ್ ದಾಟಿದ ಎತ್ತರದಲ್ಲಿ ಒಂದು ಮಸೀದಿ, ಸುತ್ತ ಕುರಿ ಮೇಯುವ ಇಳಿಜಾರು. ಇಲ್ಲಿಂದ ಮುಂದೆ ನಡಿಗೆ. ಹೊರೆ ಹೊರಲು ಹೇಸರಗತ್ತೆಗಳು ಸಿಗುತ್ತವೆ. ಬಾಡಿಗೆ ಮೊದಲೇ ಮಾತಾಡಿ, ತೊಮಾನ್‌ನಲ್ಲೋ ರಿಯಾಲ್‌ನಲ್ಲೋ ಎಂದು ಖಚಿತ ಮಾಡಿಕೊಳ್ಳಿ. ಚೀಲಗಳನ್ನು ಹಗ್ಗದಲ್ಲಿ ಬಿಗಿಯುವುದರಿಂದ ಒಡೆಯುವಂಥದ್ದು ಒಳಗಿರಬಾರದು. ನೀರು, ಮಳೆಯಂಗಿ, ಬೆಚ್ಚನೆಯ ಉಡುಪು, ಔಷಧ, ಪಾಸ್‌ಪೋರ್ಟ್ ಇವು ನಿಮ್ಮ ಬೆನ್ನ ಮೇಲೆಯೇ ಇರಲಿ. ಮಧ್ಯಾಹ್ನದ ಮೇಲೆ ಸಿಡಿಲು ಮಳೆ ಬರುವ ಸಂಭವವಿರುತ್ತದೆ, ಹೇಸರಗತ್ತೆ ಆಗ ಎಲ್ಲಿರುತ್ತದೋ ಹೇಳಲಾಗದು.

ನಾಲ್ಕೈದು ಗಂಟೆ ನಡೆದರೆ ಬಾರ್‌ಗಾಹೆ ಸೆವೊಮ್, ಎಂದರೆ ಮೂರನೆಯ ಶಿಬಿರ. ಎತ್ತರ 4,200 ಮೀಟರ್‌ಗಿಂತ ತುಸು ಹೆಚ್ಚು. ಕಲ್ಲಿನ ದೊಡ್ಡ ಕಟ್ಟಡ, ಅದರಾಚೆ ಗುಡಾರಗಳಿಗೆ ಸಮತಟ್ಟು ಮಾಡಿದ ಜಾಗಗಳು. ನೀರು ಹಿಮ ಕರಗಿ ಬಂದದ್ದು. ಕುದಿಸಿ ಅಥವಾ ಶುದ್ಧೀಕರಿಸಿ ಕುಡಿಯಿರಿ. ದಾರಿಯಲ್ಲಿ ಎದುರಾದವರೆಲ್ಲ ‘ಖಸ್ತೆ ನಬಾಶಿದ್’ (ದಣಿವಾಗದಿರಲಿ) ಎಂದು ಹಾರೈಸುತ್ತಾರೆ, ನೀವೂ ಅದನ್ನೇ ಹೇಳಿ.

ಬಹಳಷ್ಟು ಜನ ಮರುದಿನ ಬೆಳಗ್ಗೆಯೇ ತುದಿಗೆ ಹೊರಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಒಂದು ದಿನ ಇಲ್ಲೇ ಇರಿ. ಬೆಳಗ್ಗೆ 4,700 ಮೀಟರ್‌ವರೆಗೆ ಮೆಲ್ಲಗೆ ಹತ್ತಿ, ಅರ್ಧ ಗಂಟೆ ಕೂತು, ಇಳಿದು ಬಂದು ಮಲಗಿ. ಸಂಜೆ ನಿಮ್ಮನ್ನು ನೀವೇ ಪರೀಕ್ಷಿಸಿಕೊಳ್ಳಿ: ತಲೆನೋವು ಮಾತ್ರೆಗೆ ಬಗ್ಗುತ್ತಿದೆಯೇ, ಊಟ ಸೇರುತ್ತಿದೆಯೇ, ನೇರ ಗೆರೆಯ ಮೇಲೆ ಹೆಜ್ಜೆಗೆ ಹೆಜ್ಜೆ ಕೂಡಿಸಿ ನಡೆಯಬಲ್ಲಿರೇ? ವಾಂತಿ ನಿಲ್ಲದಿದ್ದರೆ, ನಡಿಗೆ ತೂರಾಡಿದರೆ, ಸುಮ್ಮನೆ ಕೂತಾಗಲೂ ಉಸಿರು ಕಟ್ಟಿದರೆ, ರಾತ್ರಿಯಾಗಿದ್ದರೂ ಕೆಳಗಿಳಿಯಲೇಬೇಕು. ರಕ್ಷಣೆಗೆ ರೆಡ್ ಕ್ರೆಸೆಂಟ್ ಸಂಖ್ಯೆ 112.

ಆ ಬಿಡುವಿನ ಮಧ್ಯಾಹ್ನಕ್ಕೆ ಆರಶ್‌ನ ಕಥೆ. ಇರಾನಿನ ಶತ್ರುನಾಡಾದ ತೂರಾನಿನ ರಾಜ ಅಫ್ರಾಸಿಯಾಬ್ ಇರಾನಿನ ರಾಜ ಮನೂಚೆಹ್ರ್‌ನನ್ನು ಈ ಸೀಮೆಯಲ್ಲೇ ಮುತ್ತಿ ಕೂರುತ್ತಾನೆ. ಕೊನೆಗೆ ಒಪ್ಪಂದವಾಗುತ್ತದೆ: ಇರಾನಿನ ಬಿಲ್ಲುಗಾರನೊಬ್ಬ ಬಿಟ್ಟ ಬಾಣ ಎಲ್ಲಿ ಬೀಳುತ್ತದೋ ಅಲ್ಲಿಗೆ ಗಡಿ. ಆರಶ್ ಮುಂದೆ ಬರುತ್ತಾನೆ. ಬಟ್ಟೆ ಕಳಚಿ, ನೋಡಿ, ನನ್ನ ಮೈಮೇಲೆ ಗಾಯವಿಲ್ಲ, ರೋಗವಿಲ್ಲ; ಈ ಬಾಣ ಬಿಟ್ಟ ಮೇಲೆ ನಾನು ಉಳಿಯುವುದಿಲ್ಲ ಎನ್ನುತ್ತಾನೆ. ಇಡೀ ಪ್ರಾಣವನ್ನು ಬಾಣಕ್ಕಿತ್ತು ಚೂರುಚೂರಾಗುತ್ತಾನೆ. ಬಾಣ ಪೂರ್ವಕ್ಕೆ ಹಾರಿ ದೂರದ ನಾಡಿನ ಅಕ್ರೋಟು ಮರವೊಂದಕ್ಕೆ ನಾಟುತ್ತದೆ. 11ನೇ ಶತಮಾನದ ವಿದ್ವಾಂಸ ಅಲ್ ಬಿರೂನಿ ಈ ಕಥೆಯನ್ನು ಇರಾನಿನ ತೀರ್‌ಗಾನ್ ಹಬ್ಬದ ಕಾರಣವಾಗಿ ದಾಖಲಿಸಿದ್ದಾನೆ. ಆರಶ್ ಬಾಣ ಬಿಟ್ಟ ಜಾಗ ಯಾವುದೆಂಬುದರಲ್ಲಿ ಹಳೆಯ ಗ್ರಂಥಗಳಿಗೆ ಒಮ್ಮತವಿಲ್ಲ, ಜನರ ಮನಸ್ಸಿನಲ್ಲಿ ಮಾತ್ರ ಅದು ದಮಾವಂದ್‌ನ ತುದಿ. ಆ ಹಬ್ಬ ಬೀಳುವ ಜುಲೈ ಮೊದಲ ವಾರದಲ್ಲೇ ಈಗ ದಮಾವಂದ್‌ನ ರಾಷ್ಟ್ರೀಯ ದಿನವನ್ನೂ ಆಚರಿಸುತ್ತಾರೆ. ಬಾರ್‌ಗಾಹ್‌ನ ಅಂಗಳದಲ್ಲಿ ಸಿಕ್ಕ ಇರಾನಿ ಚಾರಣಿಗರನ್ನು ಆರಶ್ ಬಗ್ಗೆ ಕೇಳಿ ನೋಡಿ. ಚಹಾ ತಣ್ಣಗಾಗುವುದನ್ನೂ ಮರೆತು ಹೇಳುತ್ತಾರೆ.

ತುದಿಯ ದಿನ

ಬೆಳಗಿನ ನಾಲ್ಕಕ್ಕೆ ಹೊರಡಿ. ಏರಲು ಆರರಿಂದ ಎಂಟು ಗಂಟೆ. ಬೇಸಿಗೆಯಲ್ಲೂ ಉಷ್ಣಾಂಶ ಶೂನ್ಯಕ್ಕಿಂತ ಕೆಳಗಿರುತ್ತದೆ. ದಪ್ಪ ಜಾಕೆಟ್, ಎರಡು ಜೊತೆ ಕೈಗವಸು, ತಲೆದೀಪ, ಕಪ್ಪು ಕನ್ನಡಕ ತಪ್ಪದೇ ಇರಲಿ. ಜೂನ್‌ನಲ್ಲಾದರೆ ಹಿಮದಲ್ಲಿ ಜಾರದಂತೆ ಬೂಟಿಗೆ ಕಟ್ಟುವ ಕ್ರ್ಯಾಂಪನ್ ಕೂಡ ಬೇಕು. ಮೊದಲಿಗೆ ಬಂಡೆಗಳ ಏಣು, ನಂತರ ಸಡಿಲ ಜಲ್ಲಿ. ಇಟ್ಟ ಹೆಜ್ಜೆ ಅರ್ಧ ಹಿಂದೆ ಜಾರುತ್ತದೆ. ಮಾತಾಡಿಕೊಂಡು ನಡೆಯಲು ಆಗುವಷ್ಟೇ ವೇಗ ಇರಲಿ. 5,100 ಮೀಟರ್‌ನ ಸುಮಾರಿಗೆ ಪಕ್ಕದ ಕಮರಿಯಲ್ಲಿ ಹೆಪ್ಪುಗಟ್ಟಿದ ಜಲಪಾತ ಕಾಣುತ್ತದೆ.

ಕೊನೆಯ ಇನ್ನೂರು ಮುನ್ನೂರು ಮೀಟರ್ ಗಂಧಕದ ಸೀಮೆ. ಮೊದಲು ವಾಸನೆ, ಆಮೇಲೆ ಬಣ್ಣ. ಬೂದುಗಲ್ಲುಗಳ ನಡುವೆ ನಿಂಬೆಹಳದಿ ಕಲೆಗಳು, ಹತ್ತಿರ ಹೋದರೆ ರಂಧ್ರದ ಬಾಯಿಗೆ ಸೂಜಿಯಂಥ ಹರಳುಗಳು ಕಟ್ಟಿರುವುದು ಕಾಣುತ್ತದೆ. ಅಲ್ಲಿನ ನೆಲ ಬೆಚ್ಚಗಿರುತ್ತದೆ, ಕೂರುವ ಮನಸ್ಸಾಗುತ್ತದೆ. ಕೂರಬೇಡಿ. ಈ ಅನಿಲ ಗಂಟಲು ಸುಟ್ಟು, ಕಣ್ಣುರಿಸಿ, ಮೊದಲೇ ಕಡಿಮೆಯಿರುವ ಉಸಿರನ್ನು ಇನ್ನಷ್ಟು ಕಸಿಯುತ್ತದೆ. ನೀರಲ್ಲಿ ನೆನೆಸಿದ ಬಟ್ಟೆಯನ್ನು ಮೂಗು ಬಾಯಿಗೆ ಕಟ್ಟಿ, ಗಾಳಿ ಎತ್ತಲಿಂದ ಬರುತ್ತಿದೆ ನೋಡಿ, ಹೊಗೆ ನಿಮ್ಮಿಂದ ಆಚೆಗೆ ಹೋಗುವ ಬದಿಯಲ್ಲೇ ನಡೆಯಿರಿ. ಗಾಳಿ ತಿರುಗಿ ಹೊಗೆ ದಾರಿಯನ್ನೇ ಮುಚ್ಚಿದರೆ ಕಾಯಿರಿ, ತೆರವಾಗದಿದ್ದರೆ ಹಿಂದಿರುಗಿ. ಅಸ್ತಮಾ ಇರುವವರು ಈ ಬೆಟ್ಟಕ್ಕೆ ವೈದ್ಯರ ಒಪ್ಪಿಗೆ ಇಲ್ಲದೆ ಬರಲೇಬಾರದು.

ಇಲ್ಲಿನ ಖನಿಜಗಳಿಗಾಗಿ ಜನ ಹಿಂದಿನಿಂದಲೂ ಇಲ್ಲಿಗೆ ಹತ್ತಿದ್ದಾರೆ. 11ನೇ ಶತಮಾನದ ಪ್ರವಾಸಿ ನಾಸಿರ್ ಖುಸ್ರೊ ಬರೆದಿರುವಂತೆ, ತುದಿಯ ಕುಳಿಯಿಂದ ನವಸಾಗರ ಎಂಬ ಲವಣ ತೆಗೆಯುವವರು ಎತ್ತಿನ ಚರ್ಮಗಳನ್ನು ಹೊತ್ತು ಹೋಗಿ, ಅವುಗಳಲ್ಲಿ ತುಂಬಿ ಕಟ್ಟಿ, ಮೇಲಿಂದ ಉರುಳಿಸಿಬಿಡುತ್ತಿದ್ದರಂತೆ. ಹೊತ್ತು ತರುವ ದಾರಿಯೇ ಇರಲಿಲ್ಲ. ಯುರೋಪಿಯನ್ನರಲ್ಲಿ ಮೊದಲು ತುದಿ ಮುಟ್ಟಿದ್ದು ಟೇಲರ್ ಥಾಮ್ಸನ್, 1837ರಲ್ಲಿ. ಅವರಿಗಿಂತ ಎಷ್ಟೋ ಶತಮಾನ ಮೊದಲು ಈ ಹೆಸರಿಲ್ಲದ ಕೂಲಿಗಳು ಅಲ್ಲಿ ಕೆಲಸ ಮಾಡಿದ್ದರು.

ತುದಿಯಲ್ಲಿ ಹಿಮ ತುಂಬಿದ ಕುಳಿಯಿದೆ. ಮೋಡವಿಲ್ಲದಿದ್ದರೆ ಉತ್ತರಕ್ಕೆ ಕ್ಯಾಸ್ಪಿಯನ್ ಕಡೆಯ ಹಸಿರು, ದಕ್ಷಿಣಕ್ಕೆ ಮರುಭೂಮಿಯ ಕಂದು. ಹದಿನೈದು ಇಪ್ಪತ್ತು ನಿಮಿಷ ಸಾಕು. ಎಲ್ಲಿದ್ದರೂ ಮಧ್ಯಾಹ್ನ ಒಂದು ಗಂಟೆಗೆ ಇಳಿಯಲು ತಿರುಗಬೇಕು, ತುದಿ ನೂರೇ ಮೀಟರ್ ದೂರವಿದ್ದರೂ ಸರಿ. ಇದಕ್ಕೆಂದೇ ಯೋಜನೆಯಲ್ಲಿ ಒಂದು ಹೆಚ್ಚಿನ ದಿನ ಉಳಿಸಿಕೊಳ್ಳಿ.

ಇಳಿಯಲು ಬಾರ್‌ಗಾಹ್‌ವರೆಗೆ ಮೂರ್ನಾಲ್ಕು ಗಂಟೆ. ಜಲ್ಲಿಯಲ್ಲಿ ಹಿಮ್ಮಡಿ ಊರಿ ಇಳಿದರೆ ಬೇಗ ಸಾಗುತ್ತದೆ, ಆದರೆ ಕೆಳಗಿರುವವರ ಮೇಲೆ ಕಲ್ಲು ಉರುಳದಂತೆ ನೋಡಿಕೊಳ್ಳಬೇಕು. ನಿಮ್ಮ ಕಸವನ್ನೆಲ್ಲ ಹೊತ್ತು ತನ್ನಿ. ಈ ದಾರಿಯಲ್ಲಿ ಪ್ಲಾಸ್ಟಿಕ್ ಈಗಾಗಲೇ ಸಾಕಷ್ಟಿದೆ. ಕಾಲಲ್ಲಿ ಕಸುವಿದ್ದರೆ ಅಂದೇ ಗೂಸ್ಫಂದ್‌ಸರಾ ತಲುಪಬಹುದು, ಇಲ್ಲವಾದರೆ ಮರುದಿನ.

ಕೆಳಗೆ ಬಂದ ಮೇಲೆ ನೇರ ಟೆಹರಾನಿಗೆ ಹೋಗದೆ ರೀನೆ ಅಥವಾ ಲಾರಿಜಾನ್‌ನಲ್ಲಿ ಒಂದು ರಾತ್ರಿ ಉಳಿಯಿರಿ. ಲಾರಿಜಾನ್‌ನ ಆಬ್‌ಗರ್ಮ್‌ನಲ್ಲಿ ಈ ಜ್ವಾಲಾಮುಖಿಯೇ ಕಾಯಿಸಿದ ನೀರಿನ ಸ್ನಾನಗೃಹಗಳಿವೆ, ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ. ಇಳಿದ ಕೂಡಲೇ ನೀರಿಗೆ ಇಳಿಯಬೇಡಿ. ಒಂದೆರಡು ಲೀಟರ್ ನೀರು, ಉಪ್ಪು ಬೆರೆತ ಏನಾದರೂ ಕುಡಿದು, ಹೊಟ್ಟೆಗೆ ಹಾಕಿಕೊಂಡು, ಎರಡು ಗಂಟೆ ಕಳೆದ ಮೇಲೆ ಹೋಗಿ. ಒಮ್ಮೆಗೆ ಹತ್ತು ನಿಮಿಷಕ್ಕಿಂತ ಹೆಚ್ಚು ಕೂರಬೇಡಿ, ಒಬ್ಬರೇ ಹೋಗಬೇಡಿ, ಏಳುವಾಗ ಪಕ್ಕದ ಕಂಬಿ ಹಿಡಿದು ನಿಧಾನವಾಗಿ ಏಳಿ. ಬೆಳ್ಳಿಯ ಉಂಗುರ, ಸರ ಇದ್ದರೆ ಬಿಚ್ಚಿಡಿ. ಗಂಧಕದ ನೀರಿಗೆ ಕಪ್ಪಾಗುತ್ತವೆ.